ಕೆಂಪಿಯನ್ನು ಕೇಳಿಕೊಂಡು ಮೂರು ಊರು

ತುಮಕೂರಿನಿಂದ ಬೆಳಗಿನ ರೈಲು ಹಿಡಿದು ಶಿವಮೊಗ್ಗದಲ್ಲಿ ಇಳಿದಾಗ ಹನ್ನೊಂದು ಗಂಟೆಯಾಗಿತ್ತು. ಅಲ್ಲಿಂದ ತೀರ್ಥಹಳ್ಳಿ ಮೇಲೆ ಕೊಪ್ಪಕ್ಕೆ ಬಸ್ಸು. ಸರಕಾರಿ ಬಸ್ಸಿಗಾದರೆ ಹೆಂಗಸರಿಗೆ ದುಡ್ಡು ಬೇಡ, ಆಧಾರ್ ಕಾರ್ಡು ಸಾಕು. ಈ ಕಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ದುಡ್ಡು ಕೊಟ್ಟು ಕಿಟಕಿ ಪಕ್ಕ ಕುಳಿತೆ. ಕೈಚೀಲದಲ್ಲಿ ಎರಡು ಸೀರೆ, ಒಂದು ಸೇರು ಹುರಿದ ಹುರುಳಿ, ಒಂದು ಬ್ರಷ್ಷು. ಹುರುಳಿ ಯಾರಿಗೆಂದು ಪಕ್ಕದ ಹೆಂಗಸು ಕೇಳಿದಳು. ಕುದುರೆಗೆ ಎಂದೆ. ಅವಳು ಸ್ವಲ್ಪ ಆಚೆ ಸರಿದು ಕುಳಿತಳು.

ನಾನು ಇಪ್ಪತ್ತೆರಡು ವರ್ಷ ತುಮಕೂರು ಕಡೆಯ ಒಂದು ಕುದುರೆ ಫಾರಂನಲ್ಲಿ ಕೆಲಸ ಮಾಡಿದವಳು. ರೇಸಿಗೆ ಹೋಗುವ ಕುದುರೆಗಳು ಹುಟ್ಟಿ ಬೆಳೆಯುವ ಜಾಗ ಅದು. ಹುಟ್ಟಿದ ಮರಿಯ ಬಣ್ಣ, ಗುರುತು, ಮೈಮೇಲಿನ ಸುಳಿ ಎಲ್ಲವನ್ನೂ ನೋಡಿ ದಾಖಲೆ ಬರೆಯುವುದು ನನ್ನ ಕೆಲಸ. ಸಾಲು ಸಾಲಾಗಿ ಮರಿಗಳು ಹುಟ್ಟುತ್ತಿದ್ದವು, ಎರಡು ವರ್ಷ ತುಂಬುವುದರೊಳಗೆ ಲಾರಿ ಹತ್ತಿ ಹೋಗುತ್ತಿದ್ದವು. ಯಾವುದಕ್ಕೂ ಮನಸ್ಸು ಅಂಟಿಸಿಕೊಳ್ಳಬಾರದು ಎಂದು ಮೊದಲ ದಿನವೇ ಹಿರಿಯರು ಹೇಳಿದ್ದರು. ಕೆಂಪಿಯ ವಿಷಯದಲ್ಲಿ ಅದು ಆಗಲಿಲ್ಲ. ಹೆತ್ತ ಮರುದಿನವೇ ಅವಳ ತಾಯಿ ಸತ್ತಿತು. ಬೇರೆ ಯಾವ ತಾಯಿಕುದುರೆಯೂ ಹತ್ತಿರ ಸೇರಿಸಲಿಲ್ಲ. ಎರಡು ತಿಂಗಳು ನಾನೇ ಬಾಟಲಿಯಲ್ಲಿ ಹಾಲು ಕುಡಿಸಿದೆ. ಆಫೀಸಿನ ಮೆಟ್ಟಿಲ ತನಕ ಹಿಂದೆಯೇ ಬಂದು, ನಾನು ಬರೆಯುವುದು ಮುಗಿಯುವವರೆಗೆ ಬಾಗಿಲಲ್ಲಿ ನಿಂತಿರುತ್ತಿದ್ದಳು. ಕಾಗದದ ಮೇಲೆ ಅವಳಿಗೆ ಉದ್ದದ ಇಂಗ್ಲಿಷ್ ಹೆಸರಿತ್ತು. ಆ ಹೆಸರಿನಲ್ಲಿ ಮೈಸೂರಿನಲ್ಲಿ ಎರಡು ರೇಸು ಗೆದ್ದಳು, ಕಾಲು ನೋಯಿಸಿಕೊಂಡಳು, ಆಮೇಲೆ ಎಲ್ಲಿ ಹೋದಳೋ ಯಾರಿಗೂ ಗೊತ್ತಾಗಲಿಲ್ಲ.

ಹೋದ ತಿಂಗಳು, ಹಿಂದೆ ಮೈಸೂರಿನಲ್ಲಿ ರೇಸ್ ಕುದುರೆ ಓಡಿಸುತ್ತಿದ್ದವನೊಬ್ಬ ಫೋನಿಗೆ ಒಂದು ಹಳೆಯ ಫೋಟೊ ಕಳಿಸಿದ. ಮದುವೆ ಮೆರವಣಿಗೆ, ಜರಿಬಟ್ಟೆ ಹೊದ್ದ ಕೆಂಪು ಕುದುರೆ, ಹಣೆಯಿಂದ ಮೂಗಿನವರೆಗೆ ಕೆಂಪಿಗಿದ್ದಂತೆಯೇ ಸೊಟ್ಟಗೆ ಇಳಿದ ಬಿಳಿ ಪಟ್ಟೆ. ಕಾಲುಗಳು ಜನರ ಮರೆಯಲ್ಲಿದ್ದವು. “ನಿಮ್ಮ ಕೆಂಪೀನ ಕೊಪ್ಪದ ಇಬ್ರಾಹಿಂ ಸಾಹೇಬ್ರು ತಗೊಂಡಿದ್ರಂತೆ. ಇದು ಅವರ ಕುದುರೆ,” ಎಂದು ಬರೆದಿದ್ದ. ನಿವೃತ್ತರಾದ ನಮ್ಮ ಫಾರಂನ ಪಶುವೈದ್ಯರಿಗೆ ತೋರಿಸಿದೆ. “ಸಿಕ್ಕರೆ ಕರ್ಕೊಂಡು ಬಾಮ್ಮ, ನನ್ನ ಜಮೀನಲ್ಲಿ ಇರ್ಲಿ,” ಎಂದರು. ಅಷ್ಟು ಸಾಕಾಯಿತು, ಹೊರಟೆ.

ಕೊಪ್ಪದಲ್ಲಿ ಇಬ್ರಾಹಿಂ ಸಾಹೇಬರ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಹಗ್ಗ, ಸರಪಳಿ, ದನದ ಕೊರಳಗಂಟೆ ಮಾರುವ ಅಂಗಡಿ. ಅರವತ್ತು ದಾಟಿದ ತೆಳ್ಳಗಿನ ಮನುಷ್ಯ. ಅವರ ತಂದೆ ಇದೇ ಪೇಟೆಯಲ್ಲಿ ಜಟಕಾ ಓಡಿಸುತ್ತಿದ್ದರಂತೆ. ಮಗ ವರ್ಷಕ್ಕೊಮ್ಮೆ ಮೈಸೂರಿಗೆ ಹೋಗಿ ಬೇಲಿಯಾಚೆ ನಿಂತು ರೇಸು ನೋಡಿ ಬರುತ್ತಿದ್ದರು. “ದುಡ್ಡು ಕಟ್ಟಿದವನಲ್ಲ ಅಮ್ಮ ನಾನು. ಬೆಳಿಗ್ಗೆ ಅವು ಪ್ರಾಕ್ಟೀಸಿಗೆ ಓಡ್ತಾವಲ್ಲ, ಆ ಸದ್ದು ಕೇಳೋಕೆ ಹೋಗ್ತಿದ್ದೆ,” ಎಂದರು. ರೇಸಿನಿಂದ ತೆಗೆದುಹಾಕಿದ ಕುದುರೆ ಸಿಗುತ್ತದೆ ಎಂದು ಗೊತ್ತಾದಾಗ ತಡೆಯಲಾಗದೆ ಕೊಂಡು ತಂದರಂತೆ.

ನಾನು ಫೋಟೊ ತೋರಿಸಿ ಕೆಂಪಿಯ ಬಾಲ್ಯವನ್ನೆಲ್ಲ ಹೇಳಿದೆ. ಬಾಟಲಿ ಹಾಲಿನ ಮಾತು ಬಂದಾಗ ಅವರು ಎದ್ದು ಹೋಗಿ ತಾವೇ ಚಹಾ ತಂದರು, ಬನ್ಸ್ ತರಿಸಿದರು.

“ಅವಳು ಇಲ್ಲಿದ್ದಾಳಾ ಸಾಹೇಬ್ರೇ?”

“ಇಲ್ಲಿಲ್ಲ ಅಮ್ಮ. ನಮ್ಮ ಮಳೆ ಕುದುರೆಗೆ ಆಗೋದಲ್ಲ ಮಾರಾಯ್ರೆ, ಗೊರಸೆಲ್ಲ ಕೊಳೀತದೆ. ಫೋಟೊದಲ್ಲಿರೋ ಕುದುರೇನ ನೆಮ್ಮಾರಿನ ಭಟ್ರಿಗೆ ಕೊಟ್ಟೆ, ಅವರಲ್ಲಿ ಒಣ ಕೊಟ್ಟಿಗೆ ಇತ್ತು. ನೀವೇ ಹೋಗಿ ನೋಡಿ,” ಎಂದು ವಿಳಾಸ ಬರೆದುಕೊಟ್ಟರು. ಚೀಟಿ ಕೊಡುವಾಗ ಏನೋ ಹೇಳಲು ಹೊರಟು ನಿಲ್ಲಿಸಿದರು. ನಾನು ಗಮನಿಸಿದೆ, ಕೇಳಲಿಲ್ಲ. ಅವಳು ಬದುಕಿದ್ದಾಳೆ ಎಂಬುದೊಂದೇ ನನ್ನ ಕಿವಿಯಲ್ಲಿತ್ತು. ಆ ರಾತ್ರಿ ಕೊಪ್ಪದ ಲಾಡ್ಜಿನಲ್ಲಿ ಚೆನ್ನಾಗಿ ನಿದ್ದೆ ಬಂತು.

ಮರುದಿನ ಬೆಳಿಗ್ಗೆ ಮಂಜು ಕರಗುವ ಮೊದಲೇ ಶೃಂಗೇರಿ ಬಸ್ಸು ಹತ್ತಿದೆ. ಒಂದು ಗಂಟೆಯ ದಾರಿ. ದೇವಸ್ಥಾನಕ್ಕೆ ಹೋಗಿ, ತುಂಗೆಯ ಮೆಟ್ಟಿಲಲ್ಲಿ ಮೀನುಗಳಿಗೆ ಮಂಡಕ್ಕಿ ಹಾಕಿ, ಊಟದ ಸಾಲಿಗೆ ನಿಲ್ಲದೆ ನೆಮ್ಮಾರಿಗೆ ಆಟೊ ಹಿಡಿದೆ. ಶೃಂಗೇರಿ ದಾಟಿದ ಮೇಲೆ ಕಾಡು ರಸ್ತೆಯ ಮೇಲೆಯೇ ಬಾಗಿಕೊಂಡಿತ್ತು. ಉದ್ದಕ್ಕೂ ನೋಡುತ್ತ ಹೋದೆ. ಒಂದು ಕುದುರೆ ನಾಲ್ಕು ಹೆಜ್ಜೆ ನೇರವಾಗಿ ಓಡುವಷ್ಟು ಬಯಲು ಎಲ್ಲಿಯೂ ಕಾಣಲಿಲ್ಲ.

ಗಣಪತಿ ಭಟ್ಟರು ಸಂಸ್ಕೃತ ಪಾಠ ಹೇಳಿ ನಿವೃತ್ತರಾದವರು. ಹಳೆಯ ಅಶ್ವಶಾಸ್ತ್ರದ ಹಸ್ತಪ್ರತಿಯೊಂದನ್ನು ಹುಡುಗನಾಗಿದ್ದಾಗಲೇ ನಕಲು ಮಾಡಿದ್ದರಂತೆ. “ಐವತ್ತು ವರ್ಷ ಕುದುರೆ ಬಗ್ಗೆ ಓದಿದ್ದೇ ಓದಿದ್ದು. ಮುಟ್ಟಿದ್ದು ಮಾತ್ರ ಹೋದ ವರ್ಷ. ಎಂತ ಹೇಳೂದು, ಅದರ ಮೂಗು ಅಷ್ಟು ಮೆತ್ತಗೆ ಅಂತ ಯಾವ ಶ್ಲೋಕದಲ್ಲೂ ಇರಲಿಲ್ಲ,” ಎಂದು ನಕ್ಕರು. ಕುದುರೆ ಮನೆಯಲ್ಲಿದ್ದದ್ದು ನಾಲ್ಕೇ ತಿಂಗಳು. ಉಂಬಳ ಕಾಲಿಗೆ ಹತ್ತಿ ರಕ್ತ ಹೀರುತ್ತಿತ್ತು, ಹುಲ್ಲು ಸೇರುತ್ತಿರಲಿಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ಓಡಲು ಜಾಗವಿರಲಿಲ್ಲ. “ದಿನಾ ಸಂಜೆ ಗೇಟಿನ ಹತ್ರ ಬಂದು ರಸ್ತೆ ನೋಡ್ತಾ ನಿಲ್ಲೂದು. ನನಗೆ ಪಾಪ ಸುತ್ತಿಕೊಂಡ ಹಾಗಾಯ್ತು. ನರಸಿಂಹರಾಜಪುರದಲ್ಲಿ ನಸೀಮಾ ಅಂತ, ಕುದುರೆ ಗೊತ್ತಿದ್ದವಳು. ಕಳಿಸಿಬಿಟ್ಟೆ.”

ಹೊರಡುವಾಗ ಅವರು ಸಂತೋಷದಿಂದ ಒಂದು ಮಾತು ಸೇರಿಸಿದರು. “ಹಣೆ ಮೇಲೆ ಎರಡು ಸುಳಿ ಇತ್ತು ನೋಡಿ, ಒಂದರ ಕೆಳಗೆ ಒಂದು. ಬಹಳ ಶುಭ.”

ಕೆಂಪಿಯ ಹಣೆಯಲ್ಲಿ ಇದ್ದದ್ದು ಒಂದೇ ಸುಳಿ. ನಾನೇ ಬೆರಳಿಟ್ಟು ನೋಡಿ ಬರೆದದ್ದು. ವಯಸ್ಸಾದವರು, ಪುಸ್ತಕದಲ್ಲಿ ಓದಿದ್ದನ್ನು ಕುದುರೆಯ ಮೇಲೆ ಕಂಡಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಶೃಂಗೇರಿಯ ಹೋಟೆಲಿನಲ್ಲಿ ನೀರುದೋಸೆ ತರಿಸಿಕೊಂಡು ಅರ್ಧಕ್ಕೇ ಬಿಟ್ಟೆ.

ಮೂರನೆಯ ದಿನ ಕೊಪ್ಪಕ್ಕೆ ವಾಪಸು ಬಂದು, ಬಸ್ಸು ಬದಲಿಸಿ ನರಸಿಂಹರಾಜಪುರಕ್ಕೆ ಹೋದೆ. ಅಲ್ಲಿನ ಬಿಸಿಲು ಬೇರೆ, ಆಕಾಶವೂ ದೊಡ್ಡದು. ಭದ್ರಾ ಹಿನ್ನೀರು ಬೇಸಿಗೆಗೆ ಹಿಂದೆ ಸರಿದಾಗ ಊರಾಚೆ ಮೈಲಿಗಟ್ಟಲೆ ಹಸಿರು ಬಯಲು ತೆರೆದುಕೊಳ್ಳುತ್ತದೆ. ಮೊನ್ನೆ ಮೊನ್ನೆವರೆಗೆ ನೀರಿದ್ದ ನೆಲದಲ್ಲಿ ಎಳೆ ಹುಲ್ಲು, ಅಲ್ಲಲ್ಲಿ ಮುಳುಗಿ ಸತ್ತ ಮರಗಳ ಬೊಡ್ಡೆ. ಕುದುರೆಗೆಂದೇ ಯಾರೋ ಹಾಸಿಟ್ಟಂತಿತ್ತು.

ನಸೀಮಾಳಿಗೆ ಮೂವತ್ತರ ವಯಸ್ಸು. ಗಂಡ ಗೂಡ್ಸ್ ಆಟೊ ಓಡಿಸುತ್ತಾನೆ, ಇವಳು ಮನೆಯಲ್ಲಿ ಬಟ್ಟೆ ಹೊಲಿಯುತ್ತಾಳೆ. ಅವಳ ತಂದೆ ಮೈಸೂರಿನಲ್ಲಿ ಬದುಕಿಡೀ ರೇಸ್ ಕುದುರೆಗಳ ಮೈ ತಿಕ್ಕಿದವರು. ಬಾಗಿಲು ತೆರೆದವಳು ನನ್ನ ಮುಖಕ್ಕಿಂತ ಮೊದಲು ಚೀಲ ನೋಡಿದಳು.

“ಭಟ್ರು ಫೋನ್ ಮಾಡಿದ್ರು. ಕರ್ಕೊಂಡು ಹೋಗೋಕೆ ಬಂದಿದ್ದೀರಿ ಅಲ್ದನಾ ಅಕ್ಕ?”

“ಮೊದಲು ನೋಡ್ತೀನಿ,” ಎಂದೆ.

“ನೋಡಿ. ನಾನು ತಡೆಯಲ್ಲ. ಹಾಲು ಕೊಟ್ಟು ಸಾಕಿದವರು ನೀವು.” ಅವಳ ಧ್ವನಿ ಗಟ್ಟಿಯಾಗಿಯೇ ಇತ್ತು. ದುಪಟ್ಟಾದ ಅಂಚನ್ನು ಮಾತ್ರ ಬೆರಳಿಗೆ ಸುತ್ತುತ್ತಲೇ ಇದ್ದಳು.

ಮನೆಯ ಹಿಂದೆ ಬಯಲಿಗೆ ತೆರೆದ ಕೊಟ್ಟಿಗೆ. ಕೆಂಪು ಕುದುರೆ ನನ್ನ ಕಡೆ ತಲೆ ತಿರುಗಿಸಿತು. ಅದೇ ಸೊಟ್ಟ ಪಟ್ಟೆ. ಕಾಲು ನನಗೆ ತಿಳಿಯದಂತೆಯೇ ಮುಂದೆ ಹೋಯಿತು, ಬಾಯಿ ಕೆಂಪಿ ಎಂದಿತು. ಹುರುಳಿ ಹಿಡಿದ ಅಂಗೈಗೆ ಅದು ಮೂಗು ತಂದಿತು. ನಾನು ಜೂಲು ಸರಿಸಿ ಹಣೆ ಮುಟ್ಟಿದೆ. ಎರಡು ಸುಳಿ, ಒಂದರ ಕೆಳಗೆ ಒಂದು. ಬಾಗಿ ಎಡ ಹಿಂಗಾಲು ನೋಡಿದೆ. ಕೆಂಪಿಯಾಗಿದ್ದರೆ ಗೊರಸಿನ ಮೇಲೆ ಬಿಳಿ ಇರಬೇಕಿತ್ತು. ಇರಲಿಲ್ಲ, ಪೂರಾ ಕೆಂಪು.

ನಾನು ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಲಾರಿ ಗೊತ್ತುಮಾಡಿ ಕರೆದೊಯ್ದು, ಕೆಂಪಿ ಎಂದೇ ಕರೆದು, ದಿನಾ ಮೈ ತಿಕ್ಕಿಕೊಂಡು ಇರಬಹುದಿತ್ತು. ಒಂದು ಗಳಿಗೆ ಹಾಗೆ ಯೋಚಿಸಿದ್ದು ನಿಜ. ಕುದುರೆ ಹುರುಳಿ ಮುಗಿಸಿ ನನ್ನನ್ನು ಬಿಟ್ಟು ನಸೀಮಾಳ ಹೆಗಲಿಗೆ ತಲೆ ಒರಗಿಸಿತು.

“ಇವಳು ನಮ್ಮ ಕೆಂಪಿ ಅಲ್ಲಮ್ಮ,” ಎಂದೆ.

ನಸೀಮಾ ಅಲ್ಲೇ ಹುಲ್ಲಿನ ಹೊರೆಯ ಮೇಲೆ ಕುಳಿತು ಮುಖ ಮುಚ್ಚಿಕೊಂಡು ಅತ್ತಳು. ನಾನೂ ಅತ್ತೆ. ಇಬ್ಬರ ಕಾರಣ ಬೇರೆ ಬೇರೆ. ಕಣ್ಣೊರೆಸಿಕೊಂಡು ಅವಳು, “ಹಾಗಾದ್ರೆ ಇವಳು ಯಾರ ಮಗಳು ಅಕ್ಕ?” ಎಂದಳು.

“ಗೊತ್ತಿಲ್ಲ.”

“ಇವಳನ್ನೂ ಯಾರೋ ಸಾಕಿರ್ತಾರೆ. ಅವರೂ ಎಲ್ಲೋ ಹುಡುಕ್ತಾ ಇರಬಹುದು, ಪಾಪ.”

ಸಂಜೆ ಬಿಸಿಲು ಇಳಿದ ಮೇಲೆ ಅವಳು ಕುದುರೆಯನ್ನು ಬಯಲಿಗೆ ಕರೆತಂದಳು. ಜೀನು ಇರಲಿಲ್ಲ, ಮಡಿಸಿದ ಕಂಬಳಿ ಅಷ್ಟೇ. ಮೊದಲು ನಡಿಗೆ, ಆಮೇಲೆ ಕುಕ್ಕುಲೋಟ, ಆಮೇಲೆ ಲಗಾಮು ಸಡಿಲ ಬಿಟ್ಟಳು. ಹಸಿ ನೆಲದಲ್ಲಿ ಗೊರಸಿನ ಸದ್ದು ದೂರ ಹೋಗಿ ನೀರಿನ ಅಂಚಿನಲ್ಲಿ ತಿರುಗಿ ಮತ್ತೆ ಹತ್ತಿರ ಬಂತು. ಫಾರಂ ಬಿಟ್ಟ ಮೇಲೆ ಆ ಸದ್ದನ್ನು ಕೇಳಿರಲಿಲ್ಲ. ಚೀಲದ ಬ್ರಷ್ಷನ್ನು ಅಲ್ಲೇ ಕೊಟ್ಟು, ಬೆವರಿದ ಕುದುರೆಯನ್ನು ಹೊಟ್ಟೆಯ ಕೆಳಗೆ ಹೇಗೆ ತಿಕ್ಕಬೇಕೆಂದು ತೋರಿಸಿದೆ. ಆ ರಾತ್ರಿ ಅವಳ ಮನೆಯಲ್ಲೇ ಉಳಿದು ಅಕ್ಕಿರೊಟ್ಟಿ, ಮೊಟ್ಟೆಸಾರು ಉಂಡೆ.

ನಾಲ್ಕನೆಯ ದಿನ ಕೊಪ್ಪದಲ್ಲಿ ಇಳಿದವಳು ನೇರ ಅಂಗಡಿಗೆ ನಡೆದೆ. ಇಬ್ರಾಹಿಂ ಸಾಹೇಬರು ನನ್ನನ್ನು ಕಂಡು ಎದ್ದು ನಿಂತರು.

“ಎಡ ಹಿಂಗಾಲಿಗೆ ಬಿಳಿ ಇದ್ದ ಕುದುರೆ ಏನಾಯ್ತು ಸಾಹೇಬ್ರೇ?”

ಅವರು ಗಿರಾಕಿಯನ್ನು ಆಮೇಲೆ ಬಾ ಎಂದು ಕಳಿಸಿ ನನಗೆ ಸ್ಟೂಲು ಎಳೆದರು. “ಒಂದೇ ಲಾರೀಲಿ ಎರಡು ತಂದಿದ್ದೆ ಅಮ್ಮ. ಎರಡೂ ಕೆಂಪು, ಎರಡಕ್ಕೂ ಹಣೆ ಮೇಲೆ ಬಿಳಿ. ಮೊದಲನೇ ಮಳೆಗಾಲದಲ್ಲೇ ಆ ಬಿಳಿ ಕಾಲಿನದಕ್ಕೆ ಹೊಟ್ಟೆಶೂಲೆ ಬಂತು. ಡಾಕ್ಟ್ರು ಎರಡು ಸಲ ಬಂದ್ರು. ಉಳೀಲಿಲ್ಲ. ಯಾವುದು ಯಾವ ಹೆಸರಿಂದು ಅಂತ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಉಳಿದದ್ದೇ ನಿಮ್ಮದಾಗಿರ್ಲಿ ಅಂತ ಬೇಡ್ಕೊಂಡೆ. ನೀವು ಅಷ್ಟು ಆಸೆಯಿಂದ ಮಾತಾಡ್ತಿದ್ರಿ, ಹೇಳೋಕೆ ಬಾಯಿ ಬರಲಿಲ್ಲ.”

ಸಿಟ್ಟು ಬರಬೇಕಿತ್ತು. ಅವರ ಕಣ್ಣು ನೋಡಿ ಬರಲಿಲ್ಲ. “ಅವಳು ಇಲ್ಲಿ ಹೇಗಿದ್ಲು, ಅದನ್ನಾದ್ರೂ ಹೇಳಿ,” ಎಂದೆ.

ಅವರು ಅಂಗಡಿಯ ಬಾಗಿಲು ಎಳೆದು ಸ್ಕೂಟರ್ ತೆಗೆದರು. ಭಂಡಿಗಡಿ ಕಡೆಯ ರಸ್ತೆಯಲ್ಲಿ ನಿಧಾನವಾಗಿ ಓಡಿಸುತ್ತ ಹೇಳಿದರು. ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ ಹಗ್ಗ ಕಿತ್ತುಕೊಂಡು ಅವಳು ಪೇಟೆಗೆ ಬಂದಿದ್ದಳಂತೆ. ಬಸ್ಸುಗಳು ನಿಂತವು, ಶಾಲೆಯ ಮಕ್ಕಳು ಗೋಡೆ ಹತ್ತಿದರು. ಪೇಟೆ ದಾಟಿದ್ದೇ ನಾಗಾಲೋಟ. “ನಾನು ಇದೇ ಸ್ಕೂಟ್ರಲ್ಲಿ ಹಿಂದೆ ಬಿದ್ದೆ. ಸಿಗ್ತಾಳನಾ? ಕಾಲು ನೋವು ಅಂತ ಮಾರಿದ್ದ ಕುದುರೆ ಮಾರಾಯ್ರೆ! ಎಲ್ಲಿತ್ತು ನೋವು? ತಿರುವಿನಲ್ಲಿ ಬಾಲ ಎತ್ತಿ ಹೋದ್ಲು ನೋಡಿ, ನಾನು ಹಿಡೀಬೇಕು ಅನ್ನೋದೇ ಮರೆತು ನೋಡ್ತಾ ಹೋದೆ.”

ಒಂದು ಹಳ್ಳದ ಸೇತುವೆಯ ಹತ್ತಿರ ಸ್ಕೂಟರ್ ನಿಲ್ಲಿಸಿದರು. ಅವಳು ತಾನಾಗಿಯೇ ಇಲ್ಲಿ ಇಳಿದು ನೀರು ಕುಡಿಯುತ್ತ ನಿಂತಿದ್ದಳಂತೆ. ಹಗ್ಗ ಹಾಕಿದಾಗ ಸುಮ್ಮನೆ ಜೊತೆಗೆ ನಡೆದು ಬಂದಳಂತೆ. ಹಳ್ಳದಲ್ಲಿ ಈಗ ಕಾಲು ಮುಳುಗುವಷ್ಟೇ ನೀರು. ಇಳಿದು ಕೈ ಅದ್ದಿದೆ. ಬಿಸಿಲಿನಲ್ಲೂ ತಣ್ಣಗಿತ್ತು. ಮೈಸೂರಿನ ಆ ಎರಡು ರೇಸನ್ನು ನಾನು ನೋಡಿರಲಿಲ್ಲ. ಈ ಓಟವನ್ನು ನೋಡಿದವರೊಬ್ಬರು ನನ್ನ ಪಕ್ಕದಲ್ಲಿದ್ದರು.

“ಇನ್ನೊಂದು ಸಲ ಹೇಳಿ ಸಾಹೇಬ್ರೇ. ಪೇಟೆಯಿಂದ.”

ಅವರು ಇನ್ನೊಂದು ಸಲ ಹೇಳಿದರು. ಬಸ್‌ಸ್ಟ್ಯಾಂಡಿಗೆ ಬಿಡುವಾಗ ದಾರಿಯಲ್ಲಿ ಮತ್ತೊಮ್ಮೆ, ಎಲ್ಲೆಲ್ಲಿ ಏನೆಂದು ತೋರಿಸುತ್ತ. ಶಿವಮೊಗ್ಗದ ಬಸ್ಸು ಹೊರಟಾಗ ಕಿಟಕಿಯಿಂದ ತಿರುಗಿ ನೋಡಿದೆ. ಸಾಹೇಬರು ಇನ್ನೂ ಅಲ್ಲೇ ಇದ್ದರು. ಪಕ್ಕದಲ್ಲಿ ನಿಂತಿದ್ದ ಯಾರೋ ಅಪರಿಚಿತನಿಗೆ, ಕೈಯನ್ನು ರಸ್ತೆಯುದ್ದಕ್ಕೆ ಬೀಸಿ ಬೀಸಿ, ಅವಳು ಹೇಗೆ ಓಡಿದಳು ಎಂದು ಹೇಳುತ್ತಿದ್ದರು.