ಮೊದಲು ಕಣ್ಣಿಡುವವರು

ಭಾನುವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ, ಜಯನಗರದ ಪಾರ್ಕಿನಲ್ಲಿ, ಜನರಿಗೆ ಸೂರ್ಯನನ್ನು ತೋರಿಸಲು ಇಟ್ಟಿದ್ದ ದೂರದರ್ಶಕದ ಬಾಯಿಗೆ ಅಂಟಿಸಿದ್ದ ಹಾಳೆ ಗಾಳಿಗೆ ಕಳಚಿಕೊಂಡಿತು. ಸೂರ್ಯನ ಬೆಳಕನ್ನು ತಡೆಯುವುದು ಆ ಹಾಳೆಯೊಂದೇ. ಅದು ಜಾರಿ ಹುಲ್ಲಿನ ಮೇಲೆ ಬೀಳುವುದನ್ನು ಕಂಡೆ. ಮೇಷ್ಟ್ರು ಆಗಲೇ ಬಗ್ಗಿ ಕಣ್ಣಿಟ್ಟಿದ್ದರು. ತೋಳು ಹಿಡಿದು ಎಳೆದೆ. ಸಾಲಿನಲ್ಲಿ ಅವರ ಹಿಂದೆ ನಿಂತಿದ್ದವಳು ನಾನೇ.

ಮೊದಲು ತಾವು ನೋಡದೆ ಯಾರಿಗೂ ತೋರಿಸುವವರಲ್ಲ ಅವರು. ಬೆಟ್ಟದ ಮೇಲಿನ ವೀಕ್ಷಣಾಲಯದಲ್ಲಿ ಕೆಲಸ ಮಾಡುವಾಗ ಅಂಟಿದ ಅಭ್ಯಾಸ. ಕುಲಪತಿಯಾದಾಗಲೂ ಹಾಸ್ಟೆಲಿನ ಸಾರನ್ನು ವಿದ್ಯಾರ್ಥಿಗಳಿಗಿಂತ ಮೊದಲು ರುಚಿ ನೋಡುತ್ತಿದ್ದರು. ಈಗ ಪತ್ರಿಕೆಗೆ ಬರೆಯುವ ವಿಜ್ಞಾನದ ಅಂಕಣವೂ ಅಷ್ಟೇ, ಕೊನೆಯ ಪ್ರೂಫನ್ನು ತಾವೇ ಓದಬೇಕು. ನಾನು ಅವರ ಹಳೆಯ ವಿದ್ಯಾರ್ಥಿನಿ, ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೇನೆ. ಅಂಕಣ ಟೈಪ್ ಮಾಡಿಕೊಡುವವಳೂ ನಾನೇ.

ಮೇಷ್ಟ್ರ ಎಡಗಣ್ಣು ಮುಂಚೆಯೇ ಹೋಗಿತ್ತು. ಈಗ ಬಲಗಣ್ಣಿನ ನಡುವೆ ಒಂದು ಮಬ್ಬು ಚುಕ್ಕೆ. ಯಾವ ಅಕ್ಷರ ನೋಡಹೋದರೆ ಅದೇ ಅಕ್ಷರ ಮಾಯ. ಸರಿಹೋಗಬಹುದು, ಹೋಗದೆಯೂ ಇರಬಹುದು, ಕಾಯಬೇಕು ಎಂದರು ಡಾಕ್ಟರು.

"ಮೊದಲು ನೀವೇ ನೋಡ್ಬೇಕಿತ್ತಾ?" ವಾಪಸ್ ಬರುವ ಆಟೋದಲ್ಲಿ ಅವರ ಹೆಂಡತಿ ಕೇಳಿದರು.

"ಮತ್ತೆ, ಇವಳ ಕಣ್ಣು ಇಡಿಸ್ಲಾ?"

"ಯಾರದ್ದೂ ಬೇಡ. ಮನೇಲಿ ಟೀವಿ ನೋಡ್ಕೊಂಡು ಇರ್ಬಹುದಿತ್ತು."

"ಅದೂ ಕಣ್ಣಿಗೆ ಒಳ್ಳೇದಲ್ಲ ಕಣೇ."

ನನಗೆ ನಗು ಬರಲಿಲ್ಲ.

ಆಮೇಲಿನ ವಾರಗಳೆಲ್ಲ ಒಂದೇ ತರಹ. ನಾನು ಕಾಲೇಜಿನಲ್ಲಿ ಪಾಠ ಹೇಳಿ ಮುಗಿಸಿ, ಬನಶಂಕರಿಯಿಂದ ಬಸ್ಸಿನಲ್ಲಿ ನಿಂತೇ ಬಂದು, ಅವರು ಹೇಳಿದ್ದನ್ನು ಟೈಪ್ ಮಾಡಿ, ಅದನ್ನೇ ಮತ್ತೆ ಅವರಿಗೆ ಓದಿ ಹೇಳುವುದು. ಇಬ್ಬರಿಗೂ ಸಾಕಾಗಿತ್ತು.

"ಅಂಕಣ ಬಿಟ್ಬಿಡೋಣಮ್ಮ," ಅಂದರು ಒಂದು ಸಂಜೆ. "ನಾನೇ ನೋಡ್ದೇ ಇರೋದನ್ನ ಜನಕ್ಕೆ ಹೆಂಗೆ ಕೊಡ್ಲಿ?"

ಮುಂದಿನ ವಾರದ್ದನ್ನೂ ಟೈಪ್ ಮಾಡಿದೆ. ರಾತ್ರಿ ಮಲಗಿದರೆ ಕನಸಿನಲ್ಲಿ ಹಾಳೆ ಜಾರುತ್ತಿತ್ತು. ಪ್ರತಿ ಸಲವೂ ನನ್ನ ಕೈ ತಡವಾಗಿ ಏಳುತ್ತಿತ್ತು, ಎಚ್ಚರವಾಗಿಬಿಡುತ್ತಿತ್ತು. ಕೆಲವು ಸಲ ಬಗ್ಗಿದವಳು ನಾನೇ ಆಗಿರುತ್ತಿದ್ದೆ.

ಒಂದು ಗುರುವಾರ ಕಾಫಿ ಹೊತ್ತಿಗೆ ಕೆಳಗಿಳಿದೆ. ಮೇಷ್ಟ್ರು ಕಿಟಕಿಯ ಹತ್ತಿರ, ಪ್ರೂಫನ್ನು ಮೂಗಿಗೆ ತಾಗಿಸುವಷ್ಟು ಹತ್ತಿರ ಹಿಡಿದು, ತಲೆ ಓರೆ ಮಾಡಿಕೊಂಡು ಕೂತಿದ್ದರು.

"ಏನಮ್ಮ, ಈ ನಕ್ಷತ್ರದ ದೂರದಲ್ಲಿ ಒಂದು ಸೊನ್ನೆ ತಿಂದಿದ್ದೀಯಲ್ಲ."

ನೋಡಿದೆ. ನಿಜ. ಎಷ್ಟು ಸಲ ಓದಿದ್ದರೂ ನನಗೆ ಕಂಡಿರಲಿಲ್ಲ.

"ಚುಕ್ಕೆ ಹೋಯ್ತಾ ಸಾರ್?"

"ಇದೆ. ಸಣ್ಣದಾಗಿದೆ. ಅದರ ಪಕ್ಕದಲ್ಲಿ ಓದ್ಕೋತೀನಿ. ಮೊದಲು ಸೊನ್ನೆ ಹಾಕು."

ಹಾಕಿದೆ. ಅಂದು ರಾತ್ರಿ ಮಲಗಿದವಳಿಗೆ ಎಚ್ಚರವಾದದ್ದು ಮರುದಿನ ಬೆಳಿಗ್ಗೆ, ಕೆಳಗೆ ಅವರ ಹೆಂಡತಿ ಚಟ್ನಿಗೆ ಮಿಕ್ಸಿ ಹಾಕಿದಾಗ.