ಬೀಳುವವನ ಅಂಗಿಯ ತೋಳು

ಧಪ್. ಒಂದು ಉಸಿರಿನಷ್ಟು ಮೌನ. ಮತ್ತೆ ಧಪ್.

ದೋಹಾ ಎಂದು ಯಾರಾದರೂ ಹೇಳಿದರೆ ನನ್ನ ಕಿವಿಗೆ ಮೊದಲು ಬೀಳುವುದು ಇದೇ ಸದ್ದು. ಅಲ್ ಮನ್ಸೂರಾದ ನಮ್ಮ ಫ್ಲ್ಯಾಟಿನ ಸೀಲಿಂಗಿನ ಮೇಲೆ, ಸಂಜೆಯ ಬಾಂಗ್ ಮುಗಿದು ಬೀದಿಯ ಹೋಟೆಲುಗಳಲ್ಲಿ ಪರೋಟ ತಟ್ಟುವುದು ಶುರುವಾಗುವ ಹೊತ್ತಿಗೆ, ಯಾರೋ ಅಕ್ಕಿಮೂಟೆಯನ್ನು ಹೆಗಲಿಂದ ಕೆಡವಿದ ಹಾಗೆ ಅದು ಕೇಳಿಸುತ್ತಿತ್ತು. ಆದರೆ ಅಕ್ಕಿಮೂಟೆ ಬೀಳುವ ಮೊದಲು ‘ಹಾ!’ ಎಂದು ಕೂಗುವುದಿಲ್ಲವಲ್ಲ. ಇಲ್ಲಿ ಕೂಗು ಇತ್ತು, ಅದೂ ಹೆಣ್ಣಿನ ಕೂಗು. ಟ್ಯೂಬ್‌ಲೈಟ್ ಒಮ್ಮೆ ಕಣ್ಣು ಮಿಟುಕಿಸುತ್ತಿತ್ತು. ನಾನು ಕೈಯಲ್ಲಿ ಸೌಟು ಹಿಡಿದುಕೊಂಡು ಮೇಲೆ ನೋಡುತ್ತಿದ್ದೆ.

ಈಗ ಮಂಗಳೂರಿನ ನನ್ನ ಕೋಣೆಯ ಬಾಗಿಲ ಹಿಂದೆ, ಛತ್ರಿಯ ಪಕ್ಕದಲ್ಲಿ, ದಪ್ಪ ಕ್ಯಾನ್ವಾಸಿನ ಗಿಡ್ಡತೋಳಿನ ಒಂದು ಬಿಳಿ ಅಂಗಿ ತೂಗುತ್ತಿದೆ. ಹಲವು ಪದರ ಬಟ್ಟೆಯನ್ನು ಒತ್ತೊತ್ತಾಗಿ ಹೊಲಿದು ಮಾಡಿದ್ದು. ಎಷ್ಟು ಎಳೆದರೂ ಹರಿಯುವುದಿಲ್ಲ. ಮನೆಗೆ ಬಂದವರು “ಎಂತ ಆಂಟಿ, ಕರಾಟೆಯಾ?” ಎಂದು ಕೇಳುತ್ತಾರೆ. ಈ ಪ್ರಾಯದ ಹೆಂಗಸಿಗೆ ಕರಾಟೆ! ನಾನೂ “ಹೌದು, ಬ್ಲ್ಯಾಕ್ ಬೆಲ್ಟ್” ಎಂದುಬಿಡುತ್ತೇನೆ. ನಿಜ ಹೇಳಲು ಹೊರಟರೆ ಕಾಫಿ ಆರಿಹೋಗುತ್ತದೆ. ನಿಮಗಾದರೆ ಹೇಳಬಹುದು, ಓದುವವರ ಕಾಫಿ ಓದುವವರ ಜವಾಬ್ದಾರಿ.

ಏಷ್ಯನ್ ಗೇಮ್ಸ್ ಬರುತ್ತದೆಂದು ದೋಹಾದ ರಸ್ತೆಗಳನ್ನೆಲ್ಲ ಅಗೆದು ಹಾಕಿದ್ದ ಕಾಲ ಅದು. ನನ್ನ ಗಂಡ ಫೆಲಿಕ್ಸ್ ಒಂದು ಟ್ರೇಡಿಂಗ್ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದರು. ಅಲ್ಲಿ ಮಳೆ ಬರುವುದೇ ಅಪರೂಪ. ಬಂದರೆ ನಾಲ್ಕು ಹನಿ, ಆ ನಾಲ್ಕು ಹನಿಗೆ ಮೆಟ್ಟಿಲ ಮೇಲಿನ ಮರಳುಧೂಳು ಸಾಬೂನಿನಂತಾಗುತ್ತದೆ. ಕರಾವಳಿಯ ಕುಂಭದ್ರೋಣ ಮಳೆಯಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಓಡಾಡಿ ಬೆಳೆದ ಮನುಷ್ಯ ಆ ನಾಲ್ಕು ಹನಿಗೆ ಬಿದ್ದರು. ಸೊಂಟದ ಕೀಲು ಮುರಿಯಿತು. ಆಪರೇಷನ್ ಆಯಿತು, ಎಲುಬು ಕೂಡಿತು. “ನಿಮ್ಮ ಎಲುಬು ರೆಡಿ, ಇನ್ನು ನೀವು ರೆಡಿಯಾಗಬೇಕು” ಎಂದರು ಡಾಕ್ಟರು. ಫೆಲಿಕ್ಸ್ ರೆಡಿಯಾಗಲಿಲ್ಲ. ವೀಲ್‌ಚೇರಿನಿಂದ ಏಳಿಸಿದರೆ ನನ್ನ ಹೆಗಲಿಗೆ ಜೋತುಬೀಳುತ್ತಿದ್ದರು. “ಬೀಳ್ತೇನೆ ಮಾರಾಯ್ತಿ, ಬಿಡ್ಬೇಡ,” ಎನ್ನುತ್ತಿದ್ದರು. ನಾನು ಬಿಡುತ್ತಿರಲಿಲ್ಲ. ಎರಡೂ ಕೈಗಳಿಂದ ಎದೆಯ ಸುತ್ತ ಅಪ್ಪಿ ಹಿಡಿದು, ಬಚ್ಚಲಿನಿಂದ ಹಾಸಿಗೆಗೆ, ಹಾಸಿಗೆಯಿಂದ ಕಿಟಕಿಗೆ ಅವರನ್ನು ಹೊತ್ತ ಹಾಗೆಯೇ ಸಾಗಿಸುತ್ತಿದ್ದೆ. ಈಸ್ಟರ್ ಕಳೆಯುವವರೆಗೆ ಕಾಯುತ್ತೇವೆ ಎಂದಿತ್ತು ಕಂಪನಿ. ಆಮೇಲೆ ವೀಸಾ ಕ್ಯಾನ್ಸಲ್, ಖಲಾಸ್. ಆದರೆ ವೀಸಾಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುತ್ತಿದ್ದದ್ದು ಅವರ ಮೌನ. ಮಾತಿನ ಮಲ್ಲನಂತಿದ್ದ ಮನುಷ್ಯ ಕಿಟಕಿಯ ಹೊರಗೆ ನೆಟ್ಟ ನೋಟ ಕೀಳುತ್ತಿರಲಿಲ್ಲ. ಬಿದ್ದದ್ದು ಒಂದೇ ಸಲ. ಅವರು ಇನ್ನೂ ಬೀಳುತ್ತಲೇ ಇದ್ದರು.

ಅಂಥ ಮನೆಯ ಮೇಲೆ ದಿನವೂ ಧಪ್ ಧಪ್. ಮೇಲಿನ ಫ್ಲ್ಯಾಟಿಗೆ ಚೀನಾದ ಗಂಡ-ಹೆಂಡತಿ ಬಂದಿದ್ದಾರೆಂದು ಮಾತ್ರ ಗೊತ್ತಿತ್ತು. ಗಂಡ ಅವಳನ್ನು ಹೊಡೆಯುತ್ತಾನೆಂದು ನಾನು ತೀರ್ಮಾನಿಸಿದೆ. ಕ್ರಿಸ್‌ಮಸ್ ಹತ್ತಿರ ಬಂದಾಗ ನೆವ್ರಿ, ಕಿಡಿಯೊ, ಗುಳಿಯೊ ಎಂದು ಹಬ್ಬದ ತಿಂಡಿಗಳನ್ನೆಲ್ಲ ಮಾಡಿ, ಒಂದು ತಟ್ಟೆ ಕುಸ್ವಾರ್ ಹೊಂದಿಸಿ ಅದಕ್ಕೆ ಕ್ರೋಶಾದ ಬಟ್ಟೆ ಹೊದೆಸಿದೆ. ನಮ್ಮ ಜನರಿಗೆ ಇನ್ನೊಬ್ಬರ ಮನೆಯೊಳಗೆ ಇಣುಕಲು ಇದಕ್ಕಿಂತ ಸಭ್ಯವಾದ ಪಾಸ್‌ಪೋರ್ಟ್ ಇಲ್ಲ.

“ಗಂಡ-ಹೆಂಡತಿ ನಡುವೆ ಹೋಗ್ಬೇಡ,” ಎಂದರು ಫೆಲಿಕ್ಸ್ ಕಿಟಕಿಯಿಂದ ತಿರುಗದೆ. “ಪೊಲೀಸು ಗಿಲೀಸು ಅಂತ ಆದ್ರೆ ಕಷ್ಟ ನಮ್ಗೆ.”

“ನಾನು ಕುಸ್ವಾರ್ ಕೊಡ್ಲಿಕ್ಕೆ ಹೋಗುವುದು.”

“ಹೌದೌದು. ತಟ್ಟೆಯ ಒಟ್ಟಿಗೆ ಕಣ್ಣನ್ನೂ ಕೊಂಡೋಗ್ತೀಯಲ್ಲ.”

ಬಾಗಿಲು ತೆರೆದವಳು ನನ್ನಷ್ಟೇ ಎತ್ತರದ, ಐವತ್ತರ ಆಸುಪಾಸಿನ ಹೆಂಗಸು. ಮೈಮೇಲೆ ಈ ಕ್ಯಾನ್ವಾಸಿನ ಅಂಗಿ, ನಡುವಿಗೆ ಪಟ್ಟಿ, ಕೆನ್ನೆ ಕೆಂಪು. ಅವಳ ಹಿಂದೆ, ನೆಲದ ತುಂಬ ಹಾಸಿದ ಹಾಸಿಗೆಗಳ ಮೇಲೆ, ಕನ್ನಡಕ ತೆಗೆದಿಟ್ಟ ಗಂಡಸೊಬ್ಬ ಅಂಗಾತ ಮಲಗಿದ್ದ. ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷಿನಲ್ಲಿ, “ಈಸ್ ಹೀ ಆಲ್‌ರೈಟ್?” ಎಂದು ಪಿಸುಗುಟ್ಟಿದೆ. ಮಲಗಿದ್ದವನೇ ಕೈಯೆತ್ತಿ ಬೀಸಿದ. “ಐ ಆಮ್ ಫೈನ್, ಮೇಡಂ! ಟುಡೇ ಆಲ್ಸೋ ಷಿ ವಿನ್!”

ಹೀಗೆ ಹಾನ್ ಮತ್ತು ಮೇಯ್ ನಮ್ಮ ಬದುಕಿನೊಳಗೆ ಬಂದರು. ಹಾನ್ ಒಂದು ಕಟ್ಟಡ ಕಂಪನಿಯಲ್ಲಿ ಎಂಜಿನಿಯರ್. ಮೇಯ್ ಊರಿನಲ್ಲಿ ಶಾಲಾ ಹುಡುಗಿಯರಿಗೆ ಶ್ವಾಯ್‌ಜಿಯಾವ್ ಕಲಿಸುತ್ತಿದ್ದವಳು. ಅದು ಚೀನೀಯರ ಹಳೆಯ ಕುಸ್ತಿ. ನಮ್ಮ ಕುಸ್ತಿಯ ಹಾಗೆ ಬರಿಮೈಯಲ್ಲಿ ಆಡುವುದಿಲ್ಲ. ಅಂಗಿಯ ತೋಳು, ಕೊರಳಪಟ್ಟಿ, ನಡುಪಟ್ಟಿ ಹಿಡಿದು, ಕಾಲಿಗೆ ಕಾಲು ಕೊಕ್ಕೆ ಹಾಕಿ, ಸೊಂಟದ ಮೇಲಿಂದ ತಿರುಗಿಸಿ ಎಸೆಯುವುದು. ಬಿದ್ದರೆ ಅಲ್ಲಿಗೆ ಆಟ ಮುಗಿಯಿತು. ಬಿದ್ದವನ ಮೇಲೆ ಹತ್ತಿ ಕೂರುವುದು, ನೆಲಕ್ಕೆ ಒತ್ತಿ ಹಿಡಿಯುವುದು ಇಲ್ಲ. ನಿಂತವನು ಕೈ ಕೊಟ್ಟು ಎಬ್ಬಿಸಬೇಕು. ಎಷ್ಟು ಸಂಸಾರಗಳಲ್ಲಿ, ಎಷ್ಟು ಆಫೀಸುಗಳಲ್ಲಿ ಬಿದ್ದವರ ಮೇಲೆ ಕುಣಿಯುವುದನ್ನೇ ಆಟವೆಂದುಕೊಂಡಿದ್ದೇವೆ ಎಂದು ಯೋಚಿಸಿದಾಗ ಈ ಒಂದು ನಿಯಮಕ್ಕಾಗಿಯೇ ಆ ಪುರಾತನರಿಗೆ ಕೈಮುಗಿಯಬೇಕೆನ್ನಿಸುತ್ತದೆ.

ಮುಂದಿನ ಶುಕ್ರವಾರ, ಅಲ್ಲಿನ ವಾರದ ರಜೆ, ನಾನು ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದ ಮೇಲೆ, ಅವರಿಬ್ಬರೂ ನಮ್ಮಲ್ಲಿ ಊಟಕ್ಕೆ ಬಂದರು. ಕೋಳಿ ಗಸಿಗೆ ಕಣ್ಣೀರು ಸುರಿಸುತ್ತಲೇ ಎರಡು ಸಲ ಬಡಿಸಿಕೊಂಡರು. ಕೊನೆಗೆ ತಟ್ಟೆಯಲ್ಲಿ ಒಂದೇ ನೆವ್ರಿ ಉಳಿದಾಗ ಹಾನ್ ಕೈ ಚಾಚಿದ. ಮೇಯ್ ಅವನ ಕಡೆ ನೋಡಲೂ ಇಲ್ಲ. ಎರಡು ಬೆರಳಲ್ಲಿ ಮಣಿಕಟ್ಟು ಹಿಡಿದು ಸ್ವಲ್ಪ ತಿರುಗಿಸಿದಳು. ಅಷ್ಟಕ್ಕೇ ಆ ಎಂಜಿನಿಯರು ಕುರ್ಚಿಯಿಂದ ಅರ್ಧ ಎದ್ದು, ವಕ್ರವಾಗಿ, ಮೇಜಿಗೆ ನಮಸ್ಕಾರ ಹಾಕುವವನಂತೆ ನಿಂತ. ಇನ್ನೊಂದು ಕೈಯಲ್ಲಿ ಅವಳು ನೆವ್ರಿ ತಿಂದಳು.

“ಇದಕ್ಕೆ ಎಂತ ಹೆಸರು?” ಎಂದರು ಫೆಲಿಕ್ಸ್.

“ಚಿನ್‌ನಾ,” ಎಂದ ಹಾನ್ ನರಳುತ್ತ. ಕೀಲು ಹಿಡಿದು ಬಂಧಿಸುವ ವಿದ್ಯೆಯಂತೆ.

“ಚಿನ್ನಾ!” ಫೆಲಿಕ್ಸ್ ನಕ್ಕರು. ಬಿದ್ದ ಮೇಲೆ ಮೊದಲ ಸಲ, ಹೊಟ್ಟೆ ಹಿಡಿದುಕೊಂಡು ನಕ್ಕರು. “ಕೇಳಿದ್ಯಾ? ನಮ್ಮಲ್ಲಿ ಹೆಂಡತಿಯನ್ನು ಹಾಗೆ ಕರೆಯುವುದು ಯಾಕೆ ಅಂತ ಈಗ ಗೊತ್ತಾಯ್ತು.” ಮದುವೆಯಾದ ಹೊಸತರಲ್ಲೂ ನನ್ನನ್ನು ಹಾಗೆ ಕರೆಯದ ಮನುಷ್ಯ ಅಂದಿನಿಂದ ಕರೆಯತೊಡಗಿದರು, ತಮಾಷೆಗೆ. ತಮಾಷೆ ಎಲ್ಲಿ ಮುಗಿಯುತ್ತದೆಂದು ಯಾರು ಗೆರೆ ಎಳೆದಿಟ್ಟಿದ್ದಾರೆ?

ಅವರು ಹೊರಡುವಾಗ ನಾನು ಫೆಲಿಕ್ಸ್‌ರನ್ನು ಎಂದಿನಂತೆ ಅಪ್ಪಿ ಎಬ್ಬಿಸಿದೆ. ಮೇಯ್ ಬಾಗಿಲಲ್ಲಿ ನಿಂತುಬಿಟ್ಟಳು. ನನ್ನನ್ನು ಅವಳು ಜ್ಯೆಜ್ಯೆ ಎನ್ನುತ್ತಿದ್ದಳು, ಅಂದರೆ ಅಕ್ಕ.

“ಜ್ಯೆಜ್ಯೆ, ನೀನು ಅವನನ್ನು ಎಸೀತಿದ್ದೀ,” ಎಂದಳು ತನ್ನ ತುಂಡು ಇಂಗ್ಲಿಷಿನಲ್ಲಿ.

“ಎಸೆಯುವುದಾ? ನಾನು ಹಿಡಿದುಕೊಂಡಿದ್ದೇನೆ!”

“ಎಸೆಯುವಾಗ ನಾವು ಹಿಡಿಯುವುದೂ ಹೀಗೇ.” ಅವಳು ಹಾನ್‌ನನ್ನು ಎಳೆದು ನನ್ನಂತೆಯೇ ಅಪ್ಪಿದಳು. ಅವನ ಭಾರವೆಲ್ಲ ಇವಳ ಕಡೆ ವಾಲಿತು, ಪಾದಗಳು ನೆಲದಲ್ಲಿದ್ದೂ ನೆಲದ್ದಲ್ಲವಾದವು. ಬೆರಳಲ್ಲಿ ತಳ್ಳಿದರೂ ಬೀಳುವಂತಿದ್ದ. “ನೋಡು. ಅವನ ಸಮತೋಲ ಅವನ ಹತ್ರ ಇಲ್ಲ. ನೀನು ತಗೊಂಡಿದ್ದೀ.”

ನಾನು ಮೆಲ್ಲಗೆ ಫೆಲಿಕ್ಸ್‌ರನ್ನು ಕುರ್ಚಿಯಲ್ಲಿ ಕೂರಿಸಿದೆ. ಪ್ರೀತಿಯ ಬಗ್ಗೆ ಅದುವರೆಗೆ ನಾನು ಕೇಳಿದ್ದ ಉಪದೇಶಗಳನ್ನೆಲ್ಲ, ಇಗರ್ಜಿಯ ಪೀಠದಿಂದ ಬಂದವನ್ನೂ ಸೇರಿಸಿ, ಆ ಹೆಂಗಸು ಕೋಳಿ ಗಸಿಯ ಖಾರಕ್ಕೆ ಮೂಗು ಒರೆಸಿಕೊಳ್ಳುತ್ತ ಮಡಚಿ ಮೂಲೆಗಿಟ್ಟಳು.

ಮರುದಿನದಿಂದ ಅವರ ಹಾಸಿಗೆಗಳು ನಮ್ಮ ಹಾಲಿಗೆ ಇಳಿದವು. ಡಾಕ್ಟರರನ್ನು ಕೇಳಿಕೊಂಡೇ ಶುರುಮಾಡಿದೆವು. ಮೊದಲ ಪಾಠ ನಡೆಯುವುದಲ್ಲ, ಬೀಳುವುದು ಎಂದಳು ಮೇಯ್. ಬಿದ್ದು ಗೊತ್ತಿದ್ದವನಿಗೆ ನಿಲ್ಲಲು ಹೆದರಿಕೆಯಿಲ್ಲವಂತೆ.

“ಬೀಳ್ಲಿಕ್ಕೆ ನಂಗೆ ಬರ್ತದೆ,” ಎಂದರು ಫೆಲಿಕ್ಸ್. “ಸರ್ಟಿಫಿಕೇಟ್ ಉಂಟು, ಎಕ್ಸ್‌ರೇ ತೋರಿಸ್ಲಾ?” ಮುಖ ಮಾತ್ರ ಬಿಳಿಚಿಕೊಂಡಿತ್ತು. ಹಾಸಿಗೆಯ ಅಂಚಿಗೆ ಬಂದು ಕೂತರು, ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ. ಮೇಯ್ ನನ್ನ ಕಡೆ ತಿರುಗಿ, ದೋಹಾದಲ್ಲಿ ಕಲಿತ ಅರಬಿಯಲ್ಲಿ ‘ನಡಿ’ ಎಂದಳು. “ಯಲ್ಲಾ, ಜ್ಯೆಜ್ಯೆ. ನೀನು ಮೊದಲು.”

ನನ್ನ ಕಾನ್ವೆಂಟಿನಲ್ಲಿ ಡಿಪೋರ್ಟ್‌ಮೆಂಟ್ ಎಂಬ ಕ್ಲಾಸ್ ಇತ್ತು. ತಲೆಯ ಮೇಲೆ ಅಟ್ಲಾಸ್ ಇಟ್ಟುಕೊಂಡು ಉದ್ದನೆಯ ವರಾಂಡದಲ್ಲಿ ಹಂಸಗಳಂತೆ ನಡೆಯಬೇಕು. ಪುಸ್ತಕ ಬಿದ್ದರೆ, “ಗರ್ಲ್ಸ್, ಎ ಲೇಡಿ ಡಸ್ ನಾಟ್ ಡ್ರಾಪ್ ಥಿಂಗ್ಸ್, ಲೀಸ್ಟ್ ಆಫ್ ಆಲ್ ಹರ್‌ಸೆಲ್ಫ್” ಎಂಬ ಸಿಸ್ಟರರ ದನಿ. ಬೆನ್ನು ನೆಟ್ಟಗೆ, ಗಲ್ಲ ಮೇಲಕ್ಕೆ. ಆ ಗಲ್ಲವನ್ನು ನಲವತ್ತು ವರ್ಷ ಮೇಲಕ್ಕೇ ಇಟ್ಟುಕೊಂಡು ಬಂದವಳಿಗೆ ಮೇಯ್ ಹೇಳಿದಳು: ಗಲ್ಲ ಎದೆಗೆ, ಉಸಿರು ಹೊರಗೆ, ಬೆನ್ನು ಗುಂಡಗೆ; ಕೈಯನ್ನು ನೆಲಕ್ಕೆ ಊರಲು ಹೋಗಬೇಡ, ನೆಲವೇ ನಿನ್ನ ಹತ್ತಿರ ಬರುತ್ತದೆ. ಫೆಲಿಕ್ಸ್‌ರ ಹಳೆಯ ಪೈಜಾಮ ತೊಟ್ಟು ಕೂತಲ್ಲಿಂದ ಪಕ್ಕಕ್ಕೆ ಉರುಳಿದೆ. ಧಪ್! ಇಷ್ಟು ದಿನ ಕೆಳಗಿನಿಂದ ಕೇಳಿದ್ದ ಸದ್ದು ನನ್ನದೇ ಮೈಯಿಂದ ಹೊರಟಿತು. ಏನೂ ಮುರಿಯಲಿಲ್ಲ. ಮಲಗಿದಲ್ಲೇ ನಗು ಬಂತು, ಹುಡುಗಿಯರಿಗೆ ಬರುವಂಥ ತಡೆಯಲಾರದ ನಗು.

ಕಣ್ಣಿಗೆ ಬೀಳುವುದು, ಕಿವಿಗೆ ಬೀಳುವುದು, ಗಂಟು ಬೀಳುವುದು, ಕೊನೆಗೆ ಯಾರನ್ನಾದರೂ ಕಳಿಸಿಕೊಡಬೇಕಾದರೂ ಬೀಳ್ಕೊಡುವುದು. ನಮ್ಮ ಭಾಷೆಯಲ್ಲಿ ಬೀಳದೆ ಬದುಕು ಮುಂದಕ್ಕೆ ಹೋಗುವುದೇ ಇಲ್ಲ. ಅದನ್ನು ತಿಳಿಯಲು ನಾನು ಮರುಭೂಮಿಗೆ ಹೋಗಿ ಚೀನೀ ಹೆಂಗಸಿನ ಹಾಸಿಗೆಯ ಮೇಲೆ ಉರುಳಬೇಕಾಯಿತು.

“ಸರಿ, ಜರುಗು,” ಎಂದರು ಫೆಲಿಕ್ಸ್. “ಇಡೀ ಹಾಸಿಗೆ ನಿಂಗೇ ಬರ್ಕೊಟ್ಟದ್ದಾ?” ನನ್ನ ಪಕ್ಕದಲ್ಲಿ ಕೂತು, ಕಣ್ಣು ಮುಚ್ಚಿ, ಪೆಟ್ಟಾಗದ ಸೊಂಟದ ಬದಿಗೆ ಬಿದ್ದರು. ಕಣ್ಣು ತೆರೆದು ಸೀಲಿಂಗ್ ನೋಡಿದರು. “ಇಷ್ಟೇಯಾ?” ಎಂದರು. ಅವರ ಕಣ್ಣಂಚಿನಿಂದ ಇಳಿದದ್ದನ್ನು ನಾನು ನೋಡದ ಹಾಗೆ ಮಾಡಿದೆ.

ನನಗೆ ಮೇಯ್ ಕಲಿಸಿದ್ದು ಇನ್ನೊಂದನ್ನು. ಎಸೆಯುವವರ ಒಂದು ಕೈ ಎದುರಾಳಿಯ ಅಂಗಿಯ ತೋಳನ್ನು ಬಿಡುವುದಿಲ್ಲ. ಅವನು ಗಾಳಿಯಲ್ಲಿ ತಿರುಗಿ ನೆಲಕ್ಕೆ ಬರುವಾಗ ಆ ತೋಳನ್ನು ತುಸು ಮೇಲಕ್ಕೆ ಎಳೆದಿರುತ್ತಾರೆ, ತಲೆ ನೆಲಕ್ಕೆ ಬಡಿಯದಿರಲಿ ಎಂದು. ಕೆಡವುವ ಕೈಯೇ ಕಾಯುವ ಕೈ. “ಮೈ ಹಿಡೀಬೇಡ, ತೋಳು ಹಿಡಿ,” ಎಂದಳು. “ಬೆರಳಲ್ಲಿ. ನೀನಿದ್ದೀ ಅಂತ ಗೊತ್ತಾದ್ರೆ ಸಾಕು.” ಹಾಗೆ ಫೆಲಿಕ್ಸ್ ನಡೆದರು: ಹಾಲಿನಲ್ಲಿ, ಕಾರಿಡಾರಿನಲ್ಲಿ, ಆಮೇಲೆ ಸಮುದ್ರದ ಗಾಳಿ ಬೀಸುವ ಕಾರ್ನಿಶ್ ಎಂಬ ದಂಡೆಯ ರಸ್ತೆಯಲ್ಲಿ. ಅವರ ಅಂಗಿಯ ತೋಳಿನ ತುದಿ ನನ್ನ ಎರಡು ಬೆರಳ ನಡುವೆ. ನೋಡಿದವರು ಹೊಸ ಜೋಡಿಯ ಚೇಷ್ಟೆಯೆಂದುಕೊಂಡಿರಬೇಕು. ಈಸ್ಟರ್ ಕಳೆದ ವಾರ ಅವರು ಸ್ವಂತ ಕಾಲಲ್ಲಿ ಆಫೀಸಿಗೆ ಹೋದರು.

ಗೇಮ್ಸ್ ಮುಗಿಯಿತು, ಹಾನ್‌ನ ಪ್ರಾಜೆಕ್ಟೂ ಮುಗಿಯಿತು. ಹೊರಡುವ ದಿನ ಮೇಯ್ ತನ್ನ ಕ್ಯಾನ್ವಾಸಿನ ಅಂಗಿಯನ್ನು ನನಗೆ ಕೊಟ್ಟಳು. ಕುಸ್ವಾರಿನ ತಟ್ಟೆಯನ್ನು ನಾನು ಅವಳಿಗೆ ಕೊಟ್ಟೆ. ಒಂದೆರಡು ಹೊಸವರ್ಷದ ಕಾರ್ಡ್ ಬಂದವು, ಮತ್ತೆ ಬರಲಿಲ್ಲ. ಸೀಲಿಂಗಿನ ಮೇಲೆ ಬೇರೆ ಯಾರೋ ಬಂದರು, ಮೆತ್ತಗೆ ನಡೆಯುವವರು. ಆ ನಿಶ್ಶಬ್ದಕ್ಕೆ ಒಗ್ಗಿಕೊಳ್ಳಲು ನಮಗೆ ಬಹಳ ದಿನ ಬೇಕಾಯಿತು.

ಮರುವರ್ಷದ ಚಳಿಗಾಲದ ಒಂದು ಬೆಳಿಗ್ಗೆ ಫೆಲಿಕ್ಸ್ ಆಫೀಸಿನಲ್ಲೇ ತೀರಿಹೋದರು. ಹೃದಯ. ಪಕ್ಕದ ಮೇಜಿನ ಉಳ್ಳಾಲದ ಇಬ್ರಾಹಿಂ ಮನೆಗೆ ಬಂದು ಕುರ್ಚಿಯ ಅಂಚಿನಲ್ಲಿ ಕೂತು ಹೇಳಿದ: “ಬಿದ್ದದ್ದಲ್ಲ ಆಂಟಿ, ಹೇಗೆ ಹೇಳುದು... ಮಲಗಿದ ಹಾಗೆ. ಗಲ್ಲ ಎದೆಗೆ ತಗೊಂಡ್ರು, ಪಕ್ಕಕ್ಕೆ ಹೋದ್ರು. ನಾನು ಓಡಿದೆ, ನಂಗೆ ಅಂಗಿಯ ತೋಳು ಮಾತ್ರ ಸಿಕ್ಕಿತು. ಅದನ್ನೇ ಹಿಡ್ಕೊಂಡೆ.” ಅವನು ಅಪರಾಧಿಯಂತೆ ತಲೆ ತಗ್ಗಿಸಿದ್ದ. ನಾನು ಅವನ ಎರಡೂ ಕೈಗಳನ್ನು ಹಿಡಿದುಕೊಂಡೆ. ಅಷ್ಟೇ ಸಾಕಿತ್ತು ಮಗಾ ಎಂದು ಹೇಗೆ ವಿವರಿಸಲಿ?

ಈಗ ಕೆಲವು ಸಂಜೆ ಬಾಗಿಲ ಹಿಂದಿನ ಆ ಕ್ಯಾನ್ವಾಸಿನ ತೋಳನ್ನು ಎರಡು ಬೆರಳಲ್ಲಿ ಹಿಡಿದು ನಿಲ್ಲುತ್ತೇನೆ. ಒಳಗೆ ಕೈಯಿಲ್ಲದ ತೋಳು ಬಹಳ ಹಗುರ. ಕಣ್ಣು ಮುಚ್ಚಿದರೆ ಆ ಬೆಳಿಗ್ಗೆ.

ಲಿಫ್ಟಿನವರೆಗೆ ಹೋಗಿದ್ದೆ, ದಿನದಂತೆ. ತಿಳಿನೀಲಿ ಅಂಗಿ, ನಾನೇ ಇಸ್ತ್ರಿ ಹಾಕಿದ್ದು. ಸಂಜೆಗೆ ಮೀನು ತರಬೇಕೋ ಬೇಡವೋ ಎಂಬ ಮಾತು ಇನ್ನೂ ಮುಗಿದಿರಲಿಲ್ಲ. ಲಿಫ್ಟ್ ಬಂತು. ಅವರು ಒಳಗೆ ಹೋಗಿ ನನ್ನ ಕಡೆ ತಿರುಗಿ ನಿಂತರು. ತೋಳಿನ ತುದಿ ಇನ್ನೂ ನನ್ನ ಬೆರಳಲ್ಲೇ ಇತ್ತು. ಬಾಗಿಲು ಮುಚ್ಚಲು ಬಂದು, ನಮ್ಮ ಕೈ ಕಂಡು, ಮತ್ತೆ ತೆರೆದುಕೊಂಡಿತು.

“ಬಿಡು ಚಿನ್ನಾ,” ಎಂದರು ನಗುತ್ತ. “ನಾನು ನಿಂತಿದ್ದೇನೆ.”

ಬಿಟ್ಟೆ.