ನಾನು ವ್ಯರ್ಥವೆಂದು ಬರೆದ ಮರದ ಹೊಟ್ಟು

ಡಿಸೆಂಬರ್ ಹನ್ನೊಂದು, ಬೆಳಗ್ಗೆ ಆರು ಗಂಟೆ ಹತ್ತು ನಿಮಿಷ. ತರೀಕೆರೆಯ ನಮ್ಮ ಮನೆಯ ತಾರಸಿಯ ಮೇಲೆ ನಿಂತು ಹೊಗೆ ಎಣಿಸುತ್ತಿದ್ದೆ. ಎಣಿಸಿ ಪುಸ್ತಕದಲ್ಲಿ ಬರೆದಿಡುವುದು ನನ್ನ ಹಳೆಯ ಚಟ. ಆ ಹೊತ್ತಿನ ಮಂಜಿನಲ್ಲಿ ಊರು ಇರುವುದಿಲ್ಲ. ಹೆಂಚಿನ ಒಂದೆರಡು ಅಂಚು, ತೆಂಗಿನ ತಲೆಗಳು, ಅವುಗಳ ನಡುವೆ ಎಲ್ಲಿಗೂ ಹೋಗುವ ಆತುರವಿಲ್ಲದ ಹೊಗೆಯ ಎಳೆಗಳು, ಅಷ್ಟೇ. ನಮ್ಮ ಬೀದಿಯ ಏಳು ಮನೆಗಳಿಂದ ಎರಡಕ್ಕಿಂತ ಹೆಚ್ಚು ಎಳೆ ಎದ್ದದ್ದನ್ನು ನನ್ನ ಪುಸ್ತಕ ಕಂಡಿಲ್ಲ. ಆ ದಿನ ಏಳು ಇದ್ದವು. ಮತ್ತೆ ಎಣಿಸಿದೆ. ಏಳೇ.

ಕೆಳಗೆ ಕೆಮ್ಮು ಕೇಳಿಸಿತು. ಪಕ್ಕದ ಮನೆಯ ದೊಡ್ಡಮ್ಮನದು. ನೆಂಟಸ್ತಿಕೆ ಏನೂ ಇಲ್ಲ, ಚಿಕ್ಕಂದಿನಿಂದ ಹಾಗೇ ಕರೆಯುತ್ತೇನೆ. ಅವರಿಗೆ ಉಬ್ಬಸ. ಇಳಿದು ಹೋಗಿ ನೋಡಿದರೆ ಬಚ್ಚಲ ಮುಂದೆ ಹಸಿ ಲಂಟಾನ ಕಡ್ಡಿ ಊದುತ್ತಿದ್ದರು.

"ಏನ್ ದೊಡ್ಡಮ್ಮ, ಕಟ್ಟಿಗೆ ಹಚ್ಚಿದೀರ?"

"ಇನ್ನೇನ್ ಹಚ್ಲಿ ಕಣೇ? ನಿಮ್ ಮಾವನ್ ಮೆಷಿನ್ನು ಮರದ್ ಹೊಟ್ಟನ್ನೆಲ್ಲಾ ತಿಂದಾಕ್ತು. ಸ್ವಲ್ಪನಾದ್ರೂ ಉಳಿಸ್ತಾ?"

"ಸಿಲಿಂಡರ್ ಇದ್ಯಲ್ಲಾ?"

"ಸ್ನಾನದ್ ನೀರಿಗೂ ಸಿಲಿಂಡರ್ ಹಚ್ಚಿದ್ರೆ, ಆಮೇಲೆ ಅಡಿಗೆಗೆ ನಿಮ್ಮಪ್ಪ ತಂದ್ಕೊಡ್ತಾನಾ?" ನಗಲು ಹೋಗಿ ಮತ್ತೆ ಕೆಮ್ಮಿದರು.

ನಮ್ಮ ಬೀದಿ ಇರುವುದು ಸೋದರಮಾವನ ಸಾಮಿಲ್ಲಿನ ಹಿಂದೆ. ಅಲ್ಲಿ ಬೀಳುವ ಮರದ ಹೊಟ್ಟಿನಿಂದಲೇ ಏಳೂ ಮನೆಗಳ ಹಂಡೆ ಕಾಯುತ್ತಿತ್ತು. ಒಲೆ ಎಂದರೆ ಅಡಿಯಲ್ಲಿ ತೂತಿರುವ ತಗಡಿನ ಡಬ್ಬ. ಒಳಗೆ ನಡುವೆ ಒಂದು ಬಾಟಲಿ ನಿಲ್ಲಿಸಿ, ಸುತ್ತ ಹೊಟ್ಟು ಸುರಿದು, ಒನಕೆಯ ತುದಿಯಿಂದ ಗಟ್ಟಿಯಾಗಿ ತುಂಬುತ್ತಾರೆ. ಬಾಟಲಿಯನ್ನು ತಿರುಗಿಸಿ ಮೇಲೆತ್ತಿದರೆ ಹೊಟ್ಟಿನೊಳಗೆ ಒಂದು ಬಾವಿ ಉಳಿಯುತ್ತದೆ. ಕೆಳಗಿನಿಂದ ಕಿಡಿ ಕೊಟ್ಟರೆ ಮೊದಲು ಸ್ವಲ್ಪ ಹೊಗೆ, ಆಮೇಲೆ ಗಂಟೆಗಟ್ಟಲೆ ಕೆಂಪು ಕಾವು. ಮಿಲ್ಲಿನಲ್ಲಿ ಹಲಸಿನ ಮರ ಕೊಯ್ದ ಮರುದಿನ ಬಚ್ಚಲುಗಳೆಲ್ಲ ಸಿಹಿ ವಾಸನೆ. ತೇಗ ಕೊಯ್ದರೆ ಯಾರದೋ ಹೊಸ ಮನೆಯ ಬಾಗಿಲು ತೆರೆದ ಹಾಗೆ. ಕಣ್ಣು ಮುಚ್ಚಿ ನೀರು ಹೊಯ್ದುಕೊಳ್ಳುತ್ತಾ ಯಾವ ಮರ ಎಂದು ಹೇಳುವುದು ನನಗೆ ಬರುತ್ತಿತ್ತು.

ಹೋದ ವರ್ಷ ಮಾವ ಡೀಸೆಲ್ ಜನರೇಟರ್ ಬಿಟ್ಟು ಗ್ಯಾಸಿಫೈಯರ್ ಹಾಕಿಸಲು ಹೊರಟರು. ಮರಕ್ಕೆ ಬೇಕಾದಷ್ಟು ಗಾಳಿ ಕೊಡದೆ ಕಾಯಿಸಿದರೆ ಅದು ಅನಿಲ ಬಿಡುತ್ತದೆ, ಆ ಅನಿಲದಿಂದ ಎಂಜಿನ್ ಓಡುತ್ತದೆ. ಅದಕ್ಕೆ ದಿನಕ್ಕೆ ಎಷ್ಟು ಹೊಟ್ಟು, ಎಷ್ಟು ಚೆಕ್ಕೆ ವ್ಯರ್ಥವಾಗುತ್ತದೆ ಎಂಬ ಪಟ್ಟಿ ಬೇಕಿತ್ತು. ಎಣಿಸುವ ಚಟದವಳು ಮನೆಯಲ್ಲೇ ಇದ್ದಳಲ್ಲ. ಮೂವತ್ತು ಸಂಜೆ ನಿಂತು ಎಣಿಸಿದೆ. ಬಿಸಿಲಿನ ಕೋಲಿನಲ್ಲಿ ಹೊಟ್ಟು ಚಿನ್ನದ ಹಾಗೆ ತೇಲುತ್ತಿತ್ತು, ನನ್ನ ರೆಪ್ಪೆಯ ಮೇಲೂ ಕೂರುತ್ತಿತ್ತು. ದಿನಕ್ಕೆ ಹದಿನಾಲ್ಕು ಚೀಲ ಎಂದು ಬರೆದು, ಮುಂದೆ 'ವ್ಯರ್ಥ' ಎಂದು ಸೇರಿಸಿದೆ. ಬೆಳಗ್ಗೆ ಹೆಂಗಸರು ಅದರಲ್ಲೇ ತುಂಬಿಕೊಂಡು ಹೋಗುವುದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಅದು ಹಾಲು ಬಂದ ಹಾಗೆ, ಬಸ್ಸು ಹೋದ ಹಾಗೆ, ಬೆಳಗಿನ ಒಂದು ಭಾಗ. ಬರೆಯುವ ವಿಷಯ ಅನ್ನಿಸಲಿಲ್ಲ.

ಈ ನವೆಂಬರಿನಲ್ಲಿ ಮೆಷಿನ್ ಶುರುವಾಯಿತು. ಹೊಟ್ಟನ್ನು ಒತ್ತಿ ತುಂಡು ಮಾಡಿ ಅದರ ಬಾಯಿಗೆ ಹಾಕುತ್ತಾರೆ. ಮನೆಗಳಲ್ಲಿ ಕೂಡಿಟ್ಟಿದ್ದ ಹೊಟ್ಟು ಡಿಸೆಂಬರ್ ಹತ್ತರವರೆಗೆ ಬಂತು. ಒಳ್ಳೆಯದೂ ಆಗಿದೆ, ಅದನ್ನೂ ಬರೆದಿದ್ದೇನೆ. ಡೀಸೆಲ್ ವಾಸನೆ ಹೋಗಿದೆ. ಮಿಲ್ಲಿನ ಗೋಡೆಯ ಪಕ್ಕದ ಬೇವಿಗೆ ಮತ್ತೆ ಹಸಿರು ಬಣ್ಣ ಬಂದಿದೆ. ಆದರೆ ಕೆರೆ ಏರಿಯ ಹೊಂಗೆ ಮರಗಳಲ್ಲಿ ಕೈಗೆಟಕುವ ಕೊಂಬೆ ಉಳಿದಿಲ್ಲ. ದೊಡ್ಡಮ್ಮ ಮಾತಿನ ನಡುವೆ ಉಸಿರಿಗಾಗಿ ನಿಲ್ಲುತ್ತಾರೆ.

ಏಳು ಹೊಗೆ ಎಣಿಸಿದ ದಿನವೇ ಮಾವನ ಬಳಿ ಹೋದೆ.

"ಡೀಸೆಲ್ ಹೊಗೆ ನಿಂತಿದ್ದು ಕಣ್ಣಿಗ್ ಬೀಳ್ಲಿಲ್ವೇನೇ ನಿಂಗೆ?" ಎಂದರು.

"ಬಿತ್ತು ಮಾವ. ಆ ಹೊಗೆ ಈಗ ಬಚ್ಚಲಲ್ಲಿದೆ."

ಅವರು ಮೇಜಿನ ಖಾನೆಯಿಂದ ನನ್ನ ಪಟ್ಟಿ ತೆಗೆದರು. "ವ್ಯರ್ಥ ಅಂತ ಯಾರ್ ಬರ್ದಿದ್ದು? ಸಹಿ ಬೇರೆ ಮಾಡಿದೀಯ, ಅಮಲ್ದಾರ್ ಥರ!"

ಸಹಿ ನನ್ನದೇ. ಅವರೇ ಮೆತ್ತಗಾದರು. "ಆಯ್ತು, ದೊಡ್ಡಮ್ಮನಿಗೆ ದಿನಾ ಒಂದ್ ಚೀಲ ಇಟ್ಟಿರ್ತೀನಿ. ಏಳೂ ಮನೆಗೆ ಕೊಟ್ರೆ ಮೆಷಿನ್ ನಿಂತೋಗುತ್ತೆ. ಅದ್ಕೆ ಹಾಕಕ್ಕೆ ಬೇರೆ ಏನಾದ್ರೂ ಹುಡುಕ್ಕೊಂಡ್ ಬಾ, ಎಲ್ರಿಗೂ ಬಿಡ್ತೀನಿ."

ದೊಡ್ಡಮ್ಮ ಆ ಒಂದು ಚೀಲವನ್ನು ಮುಟ್ಟಲಿಲ್ಲ. "ನಾನೊಬ್ಳೇ ಹೊತ್ಕೊಂಡ್ ಬಂದ್ರೆ ಆಚೆಮನೆಯೋರ ಮುಖ ಹೆಂಗ್ ನೋಡ್ಲಿ?" ಎಂದರು.

ತೆಂಗಿನ ಚಿಪ್ಪು ಗ್ಯಾಸಿಫೈಯರ್‌ಗೆ ಚೆನ್ನಾಗಿ ಹೊಂದುತ್ತದೆ ಎಂದು ಮೆಷಿನ್ ನೋಡಿಕೊಳ್ಳುವವರು ಹೇಳಿದ್ದರು. ಡಿಸೆಂಬರ್ ಹದಿನಾಲ್ಕರಂದು ಕಡೂರಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ ಪಂಚನಹಳ್ಳಿಗೆ ಹೋದೆ. ಕಿಟಕಿಯಾಚೆ ತೆಂಗಿನ ಸಾಲು ನಿದ್ದೆಯಲ್ಲಿ ಕಂಡ ಹಾಗೆ ಮುಗಿಯದೆ ಸಾಗುತ್ತಿತ್ತು. ಕೊಬ್ಬರಿ ಒಡೆಯುವ ಶೆಡ್ಡಿನ ಹಿಂದೆ ಚಿಪ್ಪಿನ ಗುಡ್ಡೆ. ಮಧ್ಯಾಹ್ನದ ಬಿಸಿಲು ಬಿದ್ದು ಒಂದೊಂದು ಚಿಪ್ಪಿನಲ್ಲೂ ಒಂದು ಚೂರು ಬೆಳಕು ನಿಂತಿತ್ತು.

"ಸುಮ್ನೆ ಬಿದ್ದೈತೆ, ಎಷ್ಟಾದ್ರೂ ತಗಂಡ್ ಹೋಗಿ" ಎಂದರು ಶೆಡ್ಡಿನ ಯಜಮಾನರು.

ಪುಸ್ತಕ ತೆರೆದವಳು, ಕಾಯಿ ಒಡೆಯುತ್ತಿದ್ದ ಹೆಂಗಸನ್ನು ಮೊದಲು ಕೇಳಿದೆ. "ಅಕ್ಕಾ, ಇದನ್ನ ಯಾರಾದ್ರೂ ಒಯ್ತಾರಾ?"

ಅವಳು ಯಜಮಾನರ ಕಡೆ ನೋಡಿ ನಕ್ಕಳು. "ಇವ್ರಿಗೇನ್ ಗೊತ್ತು ಬಿಡವ್ವಾ. ನಮ್ಮೂರ್ ಹಂಡೆ ಎಲ್ಲಾ ಕಾಯೋದು ಯಾತ್ರಲ್ಲಿ ಅನ್ಕಂಡೆ?"

ಪುಸ್ತಕ ಮುಚ್ಚಿದೆ. ಅವಳೇ ಒಂದು ದಾರಿ ತೋರಿಸಿದಳು. ಅವಳ ತವರು ಅಜ್ಜಂಪುರದ ಕಡೆ. ಅಲ್ಲಿ ಮೆಕ್ಕೆಜೋಳದ ಕಾಳು ಬಿಡಿಸಿದ ಮೇಲೆ ದಿಂಡುಗಳನ್ನು ಹೊಲದ ಬದುವಿನಲ್ಲೇ ಸುಟ್ಟುಬಿಡುತ್ತಾರಂತೆ. ಅವಳು ನೋಡಿದ್ದು ಮದುವೆಗೆ ಮುಂಚೆ. ಈಗ ಹೇಗೋ ಗೊತ್ತಿಲ್ಲ.

ಮುಂದಿನ ವಾರ ಹೋಗುತ್ತೇನೆ. ಅಜ್ಜಂಪುರದ ಕಡೆಯವರು ಯಾರಾದರೂ ಇದನ್ನು ಓದಿದರೆ ಒಂದು ಸಾಲು ಬರೆಯಿರಿ. ನಿಮ್ಮಲ್ಲಿ ಜೋಳದ ದಿಂಡನ್ನು ಈಗಲೂ ಸುಡುತ್ತೀರಾ, ಇಲ್ಲ ಯಾರಾದರೂ ಒಲೆಗೆ, ಕೊಟ್ಟಿಗೆಗೆ ಒಯ್ಯುತ್ತಾರಾ? ಎಷ್ಟು ಚೀಲ ಎಂದು ಕೇಳುತ್ತಿಲ್ಲ, ಅದನ್ನು ನಾನೇ ಬಂದು ಎಣಿಸುತ್ತೇನೆ. ಯಾರು ಒಯ್ಯುತ್ತಾರೆ ಎಂಬುದನ್ನು ಮಾತ್ರ ತಿಳಿಸಿ.